ಊರ ಒಲೆಯ ಕಾವಲು

"ಗುರುಗಳೇ, ಒಳ್ಳೆಯ ಕೆಲಸ ಮಾಡಿದವನಿಗೆ ಜನ ಕೆಟ್ಟ ಹೆಸರು ಕೊಟ್ಟರೆ ಅವನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

"ನಿನಗೆ ಯಾರು ಕೊಟ್ಟರು?" ಎಂದರು ಗುರುಗಳು.

"ನನಗಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವನು ಊಟ ಬಿಟ್ಟು ಬಂದು ಕೇಳುವುದಿಲ್ಲ. ಕೂತುಕೋ."

ಶಿಷ್ಯ ಕುಳಿತ. ಗುರುಗಳು ಈ ಕತೆ ಹೇಳಿದರು.

ದೂರದ ಒಂದು ಚಳಿಯ ದೇಶದಲ್ಲಿ ಒಂದು ಹಳ್ಳಿಯಿತ್ತು. ಅಲ್ಲಿ ಮನೆಮನೆಗೆ ರೊಟ್ಟಿಯ ಒಲೆ ಇರಲಿಲ್ಲ. ಊರಿಗೆಲ್ಲ ಸೇರಿ ಒಂದೇ ದೊಡ್ಡ ಒಲೆ. ವಾರಕ್ಕೊಮ್ಮೆ ಪ್ರತಿ ಮನೆಯವರೂ ಹಿಟ್ಟು ನಾದಿ ಅಲ್ಲಿಗೆ ತರುತ್ತಿದ್ದರು. ಒಲೆಯನ್ನು ನೋಡಿಕೊಳ್ಳುತ್ತಿದ್ದವಳು ಮಕ್ಕಳಿಲ್ಲದ ಒಬ್ಬ ವಿಧವೆ. ಅವಳ ಮನೆ ಒಲೆಗೆ ಅಂಟಿಕೊಂಡೇ ಇತ್ತು. ನಮ್ಮಲ್ಲಿ ಬಡಗಿಗೆ, ಕಮ್ಮಾರನಿಗೆ ಸುಗ್ಗಿಯಲ್ಲಿ ಕಾಳಿನ ಪಾಲಾಗಿ ಆಯ ಕೊಡುವಂತೆ ಅಲ್ಲಿ ಒಲೆಯಾಕೆಗೆ ಪ್ರತಿ ಮನೆಯ ಹಿಟ್ಟಿನ ಮುದ್ದೆಯಿಂದ ಒಂದು ಹಿಡಿ ಸಲ್ಲುತ್ತಿತ್ತು. ಅದನ್ನು ಅವಳೇ ಕಿತ್ತುಕೊಳ್ಳುತ್ತಿದ್ದಳು. ಯಾರೂ ಅವಳ ಕೈಯನ್ನು ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ಯುದ್ಧ ಬಂದಿತು. ಬೇರೆ ದೇಶದ ಸೈನ್ಯ ಆ ನಾಡನ್ನು ಗೆದ್ದುಕೊಂಡಿತು. ಆ ಸೈನ್ಯದವರು ಯೆಹೂದಿಗಳನ್ನು ಮನೆಮನೆಯಿಂದ ಹುಡುಕಿ ಹಿಡಿದು ಸಾಗಿಸುತ್ತಿದ್ದರು. ಹಾಗೆ ಹೋದವರು ಮರಳುತ್ತಿರಲಿಲ್ಲ. ಊರೂರಿಗೆ ಆಜ್ಞೆ ಬಂದಿತು. ಯೆಹೂದಿಯನ್ನು ಅಡಗಿಸಿಟ್ಟವರಿಗೆ ಮರಣ. ಅವನಿಗೆ ಒಂದು ತುತ್ತು ಕೊಟ್ಟವರಿಗೂ ಮರಣ, ಅವರ ಮನೆಯವರಿಗೂ ಮರಣ.

ಒಂದು ದಿನ ಒಲೆಯಾಕೆಯ ಬಾಗಿಲಿಗೆ ಒಬ್ಬ ಯೆಹೂದಿ, ಅವನ ಹೆಂಡತಿ ಮತ್ತು ಅವರ ಪುಟ್ಟ ಮಗಳು ಬಂದರು. ಒಲೆಯಾಕೆ ಅವರನ್ನು ಹಿಂದೆಂದೂ ಕಂಡಿರಲಿಲ್ಲ. ಒಲೆಯ ಹಿಂಬದಿಯಲ್ಲಿ ಕಟ್ಟಿಗೆ ಒಣಗಿಸುವ ಒಂದು ಗೂಡಿತ್ತು. ಅವರನ್ನು ಅದರೊಳಗೆ ಕೂರಿಸಿ, ಗೂಡಿನ ಬಾಯಿಗೆ ಅಡ್ಡವಾಗಿ ಕಟ್ಟಿಗೆ ಜೋಡಿಸಿದಳು. ಗೂಡು ಬೆಚ್ಚಗಿತ್ತು. ಜಾಗದ ಚಿಂತೆ ಅಲ್ಲಿಗೆ ಮುಗಿಯಿತು. ಅನ್ನದ ಚಿಂತೆ ಉಳಿಯಿತು.

ಸೈನ್ಯದವರು ಊರಿನ ಧಾನ್ಯವನ್ನೆಲ್ಲ ಒಯ್ದು, ತಲೆಗೆ ಇಷ್ಟೆಂದು ಹಿಟ್ಟು ಅಳೆದು ಕೊಡುತ್ತಿದ್ದರು. ಒಬ್ಬಳ ಪಾಲಿನಲ್ಲಿ ನಾಲ್ವರು ಬದುಕುವಂತಿರಲಿಲ್ಲ. ಒಲೆಯಾಕೆ ಯಾರನ್ನೂ ಕೇಳಲಿಲ್ಲ. ಪ್ರತಿ ಮುದ್ದೆಯಿಂದ ಒಂದು ಹಿಡಿ ಕೀಳುವಲ್ಲಿ ಎರಡು ಹಿಡಿ ಕಿತ್ತಳು.

ಹಸಿದ ಊರಿಗೆ ತನ್ನ ರೊಟ್ಟಿಯ ಗಾತ್ರ ಚೆನ್ನಾಗಿ ಗೊತ್ತಿರುತ್ತದೆ. ಒಲೆಯ ಮುಂದಿನ ಸಾಲಿನಲ್ಲಿ ಮಾತು ಶುರುವಾಯಿತು.

"ಏನಕ್ಕಾ, ನಿನ್ನ ಒಲೆಗೂ ಹೊಟ್ಟೆ ಹುಟ್ಟಿತೇ? ನಮ್ಮ ರೊಟ್ಟಿಯನ್ನು ಅದೇ ತಿನ್ನುತ್ತಿರುವ ಹಾಗಿದೆ."

"ಒಲೆಯನ್ನು ಏಕೆ ದೂರುತ್ತೀ? ಒಲೆಗೆ ಕೈಯಿಲ್ಲ."

ಒಲೆಯಾಕೆ ತಲೆ ಎತ್ತದೆ ರೊಟ್ಟಿ ತಿರುವಿದಳು. ಸಾಲಿನಲ್ಲಿ ಒಬ್ಬ ರೈತನ ಹೆಂಡತಿ ಇದ್ದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಅವಳು ಮುಂದೆ ಬಂದು, ಎಲ್ಲರೂ ಸುತ್ತಿ ಬಳಸಿ ಹೇಳುತ್ತಿದ್ದುದನ್ನು ನೇರವಾಗಿ ಹೇಳಿದಳು.

"ಕಳ್ಳಿ! ನಾದಿದವಳು ನಾನು. ನನ್ನ ಮುದ್ದೆಯ ತೂಕ ನನ್ನ ಕೈಗೆ ಗೊತ್ತಿಲ್ಲವೇ? ಇವತ್ತು ನಮ್ಮ ಮನೆಯಲ್ಲಿ ಯಾರ ತುತ್ತು ಕಡಿಮೆ ಮಾಡಲಿ, ನೀನೇ ಹೇಳು."

ಒಲೆಯಾಕೆ ಮುಂದಿನ ಮನೆಯ ಮುದ್ದೆಗೆ ಕೈ ಹಾಕಿದಳು.

ಊರವರು ಸಭೆ ಸೇರಿದರು. ಮುದುಕನೊಬ್ಬ ಅವಳನ್ನು ಕೇಳಿದ: "ತಾಯೀ, ಇಷ್ಟು ವರ್ಷ ನಿನ್ನ ಕೈ ಶುದ್ಧವಾಗಿತ್ತು. ಈಗ ಏನು ಬಂತು?"

"ಹಸಿವು ಬಂತು," ಎಂದಳು ಒಲೆಯಾಕೆ.

"ನಮಗೆ ಬಂದಿಲ್ಲವೇ?"

ಬೇರೆಯವರಿಗೆ ಒಲೆಯ ಕೆಲಸ ತಿಳಿದಿರಲಿಲ್ಲವಾದ್ದರಿಂದ ಅವಳನ್ನು ಬಿಡಿಸಲಾಗಲಿಲ್ಲ. ಕಾವಲು ಹಾಕಿದರು. ರೈತನ ಹೆಂಡತಿಯೇ ಕಾವಲಿಗೆ ನಿಂತಳು.

ಮೊದಲ ವಾರ ಅವಳು ಒಲೆಯಾಕೆಯ ಕೈಯಿಂದ ಕಣ್ಣು ತೆಗೆಯಲಿಲ್ಲ. ಒಲೆಯಾಕೆ ಸಲ್ಲಬೇಕಾದ ಒಂದೊಂದೇ ಹಿಡಿ ಕಿತ್ತಳು. ಆ ವಾರ ಗೂಡಿನಲ್ಲಿದ್ದ ಮೂವರೂ ಅವಳೂ ಒಬ್ಬಳ ರೊಟ್ಟಿಯನ್ನು ಹಂಚಿಕೊಂಡರು. ಊರಿನ ರೊಟ್ಟಿಗಳು ಮೊದಲಿನ ಗಾತ್ರಕ್ಕೆ ಬಂದವು. ಊರು ರೈತನ ಹೆಂಡತಿಯನ್ನು ಹೊಗಳಿತು.

ಮುಂದಿನ ವಾರ ಒಲೆಯಾಕೆ ನೀರು ತರಲು ಹೊರಗೆ ಹೋದಳು. ರೈತನ ಹೆಂಡತಿ ಒಲೆಯ ಮುಂದೆ ಒಬ್ಬಳೇ ಇದ್ದಳು. ಕಟ್ಟಿಗೆಯ ಹಿಂದಿನಿಂದ ಒಂದು ಮಗು ಕೆಮ್ಮಿತು. ಯಾರೋ ಅದರ ಬಾಯಿಗೆ ಬಟ್ಟೆ ಒತ್ತಿದರು. ಆಮೇಲೆ ಏನೂ ಕೇಳಿಸಲಿಲ್ಲ.

ರೈತನ ಹೆಂಡತಿಗೆ ಎಲ್ಲವೂ ತಿಳಿಯಿತು. ಎರಡು ಹಿಡಿ ಹಿಟ್ಟು ಎಲ್ಲಿಗೆ ಹೋಗುತ್ತಿತ್ತು ಎಂಬುದೂ ತಿಳಿಯಿತು, ಒಂದು ವಾರದಿಂದ ಆ ಮಗು ಏನು ತಿಂದಿರಬಹುದು ಎಂಬುದೂ ತಿಳಿಯಿತು. ಕಟ್ಟಿಗೆ ಸರಿಸಿ ನೋಡಲಿಲ್ಲ. ತಾನು ಕೂತ ಪೀಠವನ್ನು ತಿರುಗಿಸಿ, ಒಲೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ ಕೂತಳು.

ಒಲೆಯಾಕೆ ನೀರು ಹೊತ್ತು ಬಂದಾಗ ಅವಳು ಬೈದಳು: "ನಿನ್ನ ಒಲೆಯ ಹೊಗೆಗೆ ನನ್ನ ಕಣ್ಣೇ ಹೋಯಿತು. ಇನ್ನು ಹೀಗೇ ಕೂರುತ್ತೇನೆ. ಬೆನ್ನು ತಿರುಗಿಸಿದಳೆಂದು ಕದ್ದೀಯೆ, ಜೋಕೆ! ನನಗೆ ಬೆನ್ನಲ್ಲೂ ಕಣ್ಣಿದೆ."

ಒಲೆಯಾಕೆ ಸ್ವಲ್ಪ ಹೊತ್ತು ಆ ಬೆನ್ನನ್ನು ನೋಡಿದಳು. ಇವಳಿಗೆ ಬಾಯಿಯಿದೆ, ಬುದ್ಧಿಯಿಲ್ಲ ಎಂದುಕೊಂಡಳು. ಅಂದಿನಿಂದ ಮತ್ತೆ ಎರಡೆರಡು ಹಿಡಿ ಕಿತ್ತಳು.

ರೊಟ್ಟಿ ಮತ್ತೆ ಚಿಕ್ಕದಾಯಿತು. ಕಾವಲಿದ್ದೂ ಹೀಗೇಕೆ ಎಂದು ಊರವರು ಕೇಳಿದರು. "ಅವಳ ಕೈಗೆ ಕಣ್ಕಟ್ಟು ಗೊತ್ತಿದೆ," ಎಂದಳು ರೈತನ ಹೆಂಡತಿ. "ಇರಲಿ, ಒಂದು ದಿನ ಹಿಡಿಯುತ್ತೇನೆ." ಬೇರೆಯವರು ಕಾವಲಿಗೆ ಬರುತ್ತೇವೆಂದರೆ ಜಗಳಕ್ಕೆ ನಿಂತಳು. ತನಗೆ ಗೊತ್ತಿದೆ ಎಂಬುದನ್ನು ಗಂಡನಿಗೂ ಹೇಳಲಿಲ್ಲ, ಒಲೆಯಾಕೆಗೂ ಹೇಳಲಿಲ್ಲ. ನಾಳೆ ಸೈನ್ಯದವರು ಒಲೆಯಾಕೆಯನ್ನು ಹಿಡಿದು ಬಡಿದರೆ ಅವಳ ಬಾಯಿಯಲ್ಲಿ ಇನ್ನೊಬ್ಬರ ಹೆಸರು ಇರಬಾರದು. ಬೈಯುವುದನ್ನೂ ನಿಲ್ಲಿಸಲಿಲ್ಲ. ತನ್ನಂಥ ಬಾಯಿ ಒಮ್ಮೆಲೇ ಮುಚ್ಚಿದರೆ ಊರು ಕಾರಣ ಹುಡುಕುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಮೊದಲಿಗಿಂತ ಜೋರಾಗಿ ಬೈದಳು. ಮನೆಯಲ್ಲಿ ಮಾತ್ರ, ಹೋಗುವ ಹಿಡಿ ಮನೆಯವರ ತುತ್ತಿನಿಂದ ಹೋಗದಿರಲೆಂದು, ತಾನು ತಿನ್ನಬೇಕಾದ ಹಿಟ್ಟನ್ನೂ ಸೇರಿಸಿ ಮುದ್ದೆಯನ್ನು ದೊಡ್ಡದಾಗಿ ನಾದಿದಳು.

ಚಳಿಗಾಲದ ಕೊನೆಯಲ್ಲಿ ಸೈನ್ಯದ ಅಧಿಕಾರಿಯೊಬ್ಬ ಆ ಹಳ್ಳಿಗೆ ಬಂದ. ಯಾವ ಮನೆಯಲ್ಲಿ ತಲೆಗಿಂತ ತುತ್ತು ಹೆಚ್ಚಿದೆ ಎಂದು ನೋಡಿ ಅಡಗಿದವರನ್ನು ಹುಡುಕುವುದು ಅವನ ಕ್ರಮ. ಅಂದು ರೊಟ್ಟಿ ಸುಡುವ ದಿನ. ಊರೆಲ್ಲ ಒಲೆಯ ಮುಂದೆ ಇತ್ತು. ಅಧಿಕಾರಿ ಒಲೆಯಾಕೆಯ ಮನೆಯೊಳಗೆ ಹೋಗಿ ಅವಳ ಹಲಗೆಯ ಮೇಲಿದ್ದ ರೊಟ್ಟಿಗಳನ್ನು ನೋಡಿದ.

"ಈ ಮನೆಯಲ್ಲಿ ಎಷ್ಟು ಜನ?"

"ಒಬ್ಬಳೇ," ಎಂದಳು ಒಲೆಯಾಕೆ.

"ಒಬ್ಬಳಿಗೆ ಇಷ್ಟು ರೊಟ್ಟಿ ಏಕೆ?"

ಊರವರಿಗೆ ಹೇಳಿದ ಉತ್ತರ ಇಲ್ಲಿ ನಡೆಯುವಂತಿರಲಿಲ್ಲ. ಒಬ್ಬಳ ಹಸಿವು ಅಷ್ಟು ದೊಡ್ಡದಾಗಿರುವುದಿಲ್ಲ. ಅಧಿಕಾರಿ ತಿರುಗಿ ಕಟ್ಟಿಗೆಯ ರಾಶಿಯ ಕಡೆ ನೋಡಿದ. ಅಷ್ಟರಲ್ಲಿ ರೈತನ ಹೆಂಡತಿ ಜನರನ್ನು ನೂಕಿಕೊಂಡು ಒಳಗೆ ಬಂದಳು.

"ಏಕೆಂದು ಅವಳನ್ನೇನು ಕೇಳುತ್ತೀರಿ, ದೊರೆಗಳೇ? ನಮ್ಮನ್ನು ಕೇಳಿ! ಅದು ನಮ್ಮ ರೊಟ್ಟಿ. ಪ್ರತಿ ವಾರ ಕದಿಯುತ್ತಾಳೆ. ಕದ್ದು ಪೇಟೆಯಲ್ಲಿ ಮಾರುತ್ತಾಳೆ. ನಮ್ಮ ಮಕ್ಕಳ ಎಲುಬು ಎಣಿಸಬಹುದು, ಇವಳ ಹಲಗೆ ನೋಡಿ!"

ಹೊರಗಿದ್ದವರೆಲ್ಲ ಕೂಗಿದರು. ಹೌದು, ಕಳ್ಳಿ. ತಿಂಗಳುಗಳಿಂದ ಕದಿಯುತ್ತಿದ್ದಾಳೆ. ಸಭೆ ಮಾಡಿದೆವು, ಕಾವಲು ಹಾಕಿದೆವು, ಆದರೂ ಬಿಡಲಿಲ್ಲ. ಅವರ ಸಿಟ್ಟಿನಲ್ಲಿ ನಟನೆಯಿರಲಿಲ್ಲ. ಸುಳ್ಳನ್ನು ಹುಡುಕಿ ಹುಡುಕಿ ಪಳಗಿದ್ದ ಅಧಿಕಾರಿಗೆ ನಿಜವಾದ ಸಿಟ್ಟು ಕಂಡರೆ ಗುರುತಾಗುತ್ತಿತ್ತು. ಅವನು ನಕ್ಕ. ಕಟ್ಟಿಗೆಯ ಕಡೆ ಮತ್ತೆ ನೋಡಲಿಲ್ಲ. ಅವನಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಕಳ್ಳಿಗೆ ತಕ್ಕ ಶಿಕ್ಷೆಯಾಗಲಿ ಎಂದು ಒಲೆಯಾಕೆಯನ್ನು ಊರ ನಡುವೆ ನಿಲ್ಲಿಸಿ ಬಾರುಕೋಲಿನಿಂದ ಹೊಡೆಸಿದ. ಜನ ಮೊದಲು ನಕ್ಕರು, ಆಮೇಲೆ ನೆಲ ನೋಡಿದರು. ರೈತನ ಹೆಂಡತಿ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಮುಗಿಯುವ ತನಕ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

"ತೃಪ್ತಿಯಾಯಿತೇ?" ಎಂದು ಅಧಿಕಾರಿ ಅವಳನ್ನು ಕೇಳಿದ.

"ಆಯಿತು," ಎಂದಳು.

ಅಧಿಕಾರಿ ಹೊರಟುಹೋದ. ಮುಂದಿನ ವಾರ ಒಲೆಯಾಕೆ ಎದ್ದು ಒಲೆ ಹೊತ್ತಿಸಿದಳು. ರೈತನ ಹೆಂಡತಿ ಬಂದು, ಬೈದು, ಬೆನ್ನು ತಿರುಗಿಸಿ ಕೂತಳು.

ಬೇಸಿಗೆ ಬಂದಾಗ ಆ ಸೈನ್ಯ ಸೋತು ಊರು ಬಿಟ್ಟಿತು. ಒಂದು ಬೆಳಗ್ಗೆ ಒಲೆಯಾಕೆ ಗೂಡಿನ ಕಟ್ಟಿಗೆಯನ್ನೆಲ್ಲ ತೆಗೆದಳು. ಗಂಡ, ಹೆಂಡತಿ, ಮಗಳು ಮೂವರೂ ಬಿಸಿಲಿಗೆ ಬಂದು ನಿಂತರು. ನಡೆಯುವುದನ್ನು ಅವರ ಕಾಲುಗಳು ಮರೆತಿದ್ದವು. ಊರು ಅವರನ್ನು ಕಂಡಿತು. ತಾವು ಇಷ್ಟು ದಿನ ಏನನ್ನು ಕಳ್ಳತನವೆಂದಿದ್ದೆವು ಎಂಬುದು ಊರಿಗೆ ಆಗ ತಿಳಿಯಿತು.

ಸಭೆಯಲ್ಲಿ ಕೇಳಿದ್ದ ಮುದುಕನೇ ಮತ್ತೆ ಕೇಳಿದ: "ತಾಯೀ, ನಮ್ಮನ್ನು ಏಕೆ ಕೇಳಲಿಲ್ಲ? ಕೇಳಿದ್ದರೆ ಕೊಡುತ್ತಿದ್ದೆವು."

"ಕೊಡುತ್ತಿದ್ದಿರಿ. ಅದೇ ನನಗೆ ಹೆದರಿಕೆ," ಎಂದಳು ಒಲೆಯಾಕೆ. "ಕೊಟ್ಟವರಿಗೆ ಮರಣವೆಂದು ಆಜ್ಞೆಯಿತ್ತು. ಕಳೆದುಕೊಂಡವರಿಗೆ ಶಿಕ್ಷೆಯಿರಲಿಲ್ಲ."

ಮುದುಕ ತಲೆಯ ಟೋಪಿ ತೆಗೆದ. ಅಂದಿನಿಂದ ಆ ಊರಿನಲ್ಲಿ ಒಲೆಯಾಕೆಯ ಹೆಸರನ್ನು ತಾಯಂದಿರು ಮಕ್ಕಳಿಗೆ ಹೇಳಿಕೊಟ್ಟರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು, ಗುರುಗಳೇ. ತಾಳ್ಮೆಯಿಂದ ಕಾಯಬೇಕು. ನಿಜ ಎಂದಾದರೂ ಹೊರಗೆ ಬರುತ್ತದೆ. ಕೆಟ್ಟ ಹೆಸರು ಹೋಗಿ ಒಳ್ಳೆಯ ಹೆಸರು ಬರುತ್ತದೆ."

"ಕತೆ ಮುಗಿದಿಲ್ಲ," ಎಂದರು ಗುರುಗಳು.

ಒಲೆಯಾಕೆಯನ್ನು ಹೊಗಳಿದ ಊರಿಗೆ ಅವಳ ಬೆನ್ನ ಮೇಲಿನ ಬರೆಗಳನ್ನು ಯಾರ ತಲೆಗಾದರೂ ಕಟ್ಟಬೇಕಾಗಿತ್ತು. ಅಂದು ಎಲ್ಲರೂ ಕೂಗಿದ್ದರು, ಎಲ್ಲರೂ ನಕ್ಕಿದ್ದರು. ಆದರೆ ಮೊದಲು ಬಾಯಿ ತೆರೆದವಳು ಒಬ್ಬಳೇ. ಅಂಥ ಪುಣ್ಯವಂತೆಯನ್ನು ಹೊಡೆಸಿದವಳು ಇವಳು ಎಂದು ರೈತನ ಹೆಂಡತಿಯನ್ನು ಬೆರಳು ಮಾಡಿ ತೋರಿಸಿದರು. ಅವಳು ಸಾಲಿಗೆ ಬಂದರೆ ಪಕ್ಕದವರು ಸರಿದು ನಿಂತರು. ಗಂಡನೂ ತಲೆ ತಗ್ಗಿಸಿ ನಡೆದ. ಒಲೆಯಾಕೆ ಮಾತ್ರ ದೊಡ್ಡ ಮನಸ್ಸಿನವಳು. ಒಂದು ದಿನ ಎಲ್ಲರ ಎದುರಿಗೆ ಅವಳ ಕೈ ಹಿಡಿದು, "ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಕ್ಷಮಿಸಿದ್ದೇನೆ," ಎಂದಳು.

ರೈತನ ಹೆಂಡತಿ ಆ ಕೈಯನ್ನು ನೋಡಿದಳು. ಬಾರುಕೋಲಿನ ಒಂದು ಗುರುತು ಮುಂಗೈವರೆಗೂ ಇಳಿದಿತ್ತು. ಅದನ್ನು ನೋಡುತ್ತ ನಾನೂ ಒಳ್ಳೆಯವಳು ಎನ್ನಲು ಅವಳಿಗೆ ನಾಲಗೆ ಏಳಲಿಲ್ಲವೋ ಏನೋ.

"ಕ್ಷಮಿಸಿದ್ದು ಸರಿ," ಎಂದಳು. "ರೊಟ್ಟಿ ಸೀಯುತ್ತಿದೆ, ಮೊದಲು ಅದನ್ನು ತೆಗೆ."

ಶಿಷ್ಯ ಎದ್ದು ನಿಂತ.

"ಅನ್ಯಾಯ, ಗುರುಗಳೇ! ಯುದ್ಧ ಮುಗಿದಿತ್ತು. ಯಾರಿಗೂ ಅಪಾಯವಿರಲಿಲ್ಲ. ಆಮೇಲಾದರೂ ಅವಳು ನಿಜ ಹೇಳಬಹುದಿತ್ತು."

"ಹೇಳಬಹುದಿತ್ತು."

"ಹೇಳದೆಯೇ ಸತ್ತಳೇ?"

"ಹೇಳದೆಯೇ ಸತ್ತಳು. ತುಂಬ ವರ್ಷ ಬದುಕಿ, ದಿನಾಲೂ ಬೈದು, ಚೆನ್ನಾಗಿ ನಿದ್ದೆ ಮಾಡಿ ಸತ್ತಳು."

"ಹಾಗಾದರೆ ಅವಳು ಎಂಥವಳೆಂದು ಯಾರಿಗೂ ಗೊತ್ತಾಗಲೇ ಇಲ್ಲವಲ್ಲ!"

"ಅವಳಿಗೆ ಗೊತ್ತಿತ್ತು," ಎಂದರು ಗುರುಗಳು.