ಒಣತಲೆ ಈಶ್ವರ

ಕೆಂಗಲ್ಲು ಗುಡ್ಡದ ನೆತ್ತಿಯಲ್ಲಿ ನಮ್ಮೂರ ಈಶ್ವರನ ಗುಡಿಯಿದೆ. ಬುಡದ ಹೊಂಡದಿಂದ ಗುಡಿಯ ಬಾಗಿಲಿಗೆ ನೂರಾ ಎಂಟು ಮೆಟ್ಟಿಲು. ಒಳಗೆ ಲಿಂಗದ ಮೇಲೆ ತಾಮ್ರದ ಧಾರಾಪಾತ್ರೆ ಸರಪಳಿಯಲ್ಲಿ ತೂಗುತ್ತದೆ. ಅದರಿಂದ ಒಂದು ಹನಿಯೂ ಬೀಳುವುದಿಲ್ಲ. ಬೇರೆ ಕಡೆ ಶಿವನ ತಲೆ ಸದಾ ತೊಯ್ದಿರುತ್ತದೆ, ಇಲ್ಲಿ ಮುಟ್ಟಿದರೆ ವಿಭೂತಿ ಪುಡಿಪುಡಿಯಾಗಿ ಉದುರುತ್ತದೆ. ಪೇಟೆಯಿಂದ ಬಂದವರು ಇದು ಪೂಜಾರಿಯಾದ ನನ್ನ ಸೋಮಾರಿತನವೆಂದುಕೊಂಡು ನನಗೇ ಬುದ್ಧಿ ಹೇಳಿ ಹೋದದ್ದುಂಟು. ಕೂತು ಕೇಳುವ ತಾಳ್ಮೆಯಿದ್ದವರಿಗೆ ಮಾತ್ರ ಹೇಳುತ್ತೇನೆ: ಒಣತಲೆ ಈಶ್ವರನೆಂಬ ಹೆಸರು ಬಂದದ್ದು ಹೊಟ್ಟೆಕಿಚ್ಚಿನಿಂದ.

ಹಿಂದೆ ಒಮ್ಮೆ ಇಲ್ಲಿ ಚೆನ್ನವೀರಯ್ಯನೆಂಬ ಪೂಜಾರಿಯಿದ್ದ. ಅವನ ಹೆಂಡತಿ ಗುರವ್ವ ಗಂಧ ತೇಯುವಳು, ಬಿಲ್ವಪತ್ರೆ ಆರಿಸುವಳು, ಅಂಗಳ ಸಾರಿಸುವಳು. ಧಾರೆಯ ನೀರು ಹೊರುವ ಸೇವೆ ಅಂಬಿಗರ ಮನೆಯ ಹೊನ್ನವ್ವನದು. ಗಂಡ ಹೊಳೆಯ ಪಾಲಾದ ಮೇಲೆ ಆಕೆಗೆ ಉಳಿದದ್ದು ಆ ಒಂದು ಕೊಡ. ಅದನ್ನು ಹೊತ್ತರೆ ಮಾತ್ರ ತಾನಿನ್ನೂ ಊರಿಗೆ ಬೇಕಾದವಳು ಎಂದು ನಂಬಿದ್ದಳು. ಚೆನ್ನವೀರಯ್ಯ ಬೆಳಿಗ್ಗೆ ಎದ್ದವನೇ ಮೆಟ್ಟಿಲ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದ. ಹೊನ್ನವ್ವನ ಹೆಜ್ಜೆ ಕೇಳಿಸಿದರೆ ಅವನ ಮುಖ ಅರಳುತ್ತಿತ್ತು, ಮೊದಲ ಪ್ರಸಾದ ಅವಳ ಅಂಗೈಗೆ ಬೀಳುತ್ತಿತ್ತು. ಪಾಪದ ಮನುಷ್ಯ, ಅವನ ಚಿಂತೆಯೆಲ್ಲ ಧಾರೆ ನಿಲ್ಲಬಾರದೆಂಬುದು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹತ್ತು ವರ್ಷ ಪಕ್ಕದಲ್ಲೇ ಗಂಧ ತೇಯ್ದವಳನ್ನು ಒಮ್ಮೆಯೂ ತಿರುಗಿ ನೋಡದವನು ಇನ್ನೊಬ್ಬಳ ಹೆಜ್ಜೆಯನ್ನು ಗುರುತು ಹಿಡಿಯುತ್ತಾನಲ್ಲ ಎಂದು ಗುರವ್ವನ ಒಡಲು ಬೇಯುತ್ತಿತ್ತು. ತಪ್ಪು ಅವಳದೊಂದೇ ಎಂದು ನಾನಂತೂ ಹೇಳಲಾರೆ.

ಗುಡಿಯಲ್ಲೊಂದು ಹಳೆಯ ನಂಬಿಕೆಯಿತ್ತು. ಪಾತ್ರೆ ತುಂಬಿದ್ದೂ ಧಾರೆ ತಾನಾಗಿ ನಿಂತರೆ, ನೀರು ಹೊತ್ತವಳ ಮನಸ್ಸಿನಲ್ಲಿ ದೋಷವಿದೆ, ಅವಳ ನೀರನ್ನು ಶಿವ ಒಲ್ಲೆನೆನ್ನುತ್ತಾನೆ. ಒಂದು ಬೆಳಿಗ್ಗೆ ಗಂಡ ಪತ್ರೆ ಕೊಯ್ಯಲು ಹೋದಾಗ ಗುರವ್ವ ಪೀಠದ ಮೇಲೆ ಹತ್ತಿ, ಪಾತ್ರೆಯ ತೂತಿಗೆ ಜೇನುಮೇಣ ಮೆತ್ತಿ ಒತ್ತಿದಳು. ಹೊನ್ನವ್ವ ಬಂದಳು, ಪಾತ್ರೆ ತುಂಬಿತು, ಹನಿ ಬೀಳಲಿಲ್ಲ. ಕತ್ತು ಎತ್ತಿ ತೂತನ್ನು ನೋಡುವ ಬುದ್ಧಿ ಅಲ್ಲಿ ಸೇರಿದ ಹಿರಿಯರಲ್ಲಿ ಒಬ್ಬರಿಗೂ ಬರಲಿಲ್ಲ. ಎಲ್ಲರೂ ಹೊನ್ನವ್ವನನ್ನೇ ನೋಡಿದರು. ಇನ್ನು ಈ ಮೆಟ್ಟಿಲು ತುಳಿಯಬೇಡವೆಂದರು. ಆಕೆ ಒಂದು ಮಾತೂ ಆಡದೆ ಇಳಿದುಹೋಗಿ, ಹೊಂಡದ ದಂಡೆಯಲ್ಲಿ ಕೊಡ ಬೋರಲು ಹಾಕಿ ಕೂತಳು.

ಆ ಮಧ್ಯಾಹ್ನ ಗುರವ್ವನಿಗೆ, ಈಶ್ವರನ ಗುಡಿಯ ಪಕ್ಕದಲ್ಲೇ ಇರುವ ಪಾರ್ವತಿ ಅಮ್ಮನ ಗುಡಿಯ ಕಟ್ಟೆಯ ಮೇಲೆ ಹಾಯಾಗಿ ಜೊಂಪು ಹತ್ತಿತು. ಕನಸಿನಲ್ಲಿ ಆ ಅಮ್ಮನೇ ಬಂದು ಪಕ್ಕದಲ್ಲಿ ಕೂತಳಂತೆ. ತಲೆಯ ಮೇಲೆ ಗಂಗೆಯನ್ನು ಹೊತ್ತ ಗಂಡನನ್ನು ಕಟ್ಟಿಕೊಂಡವಳ ಸಂಕಟವನ್ನು ಬಿಡಿಸಿ ಹೇಳಬೇಕೆ? ನೀನು ಮೇಣ ಮೆತ್ತಿದಾಗ ನನಗೂ ಹಿಗ್ಗಾಗಿತ್ತು ಎಂದಳಂತೆ. ಆಮೇಲೆ ದನಿ ತಗ್ಗಿಸಿ ಹೇಳಿದಳು:

"ಅವನ ತಲಿ ಒಣಗಿತವ್ವಾ. ಆದ್ರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಬಾರದಾಕಿ ದಾರಿ ಕಾಯಾಕ ಹತ್ಯಾನ."

ಗುರವ್ವ ಬೆಚ್ಚಿ ಎದ್ದಳು. ನೋಡಿದರೆ ಚೆನ್ನವೀರಯ್ಯ ಗುಡಿಯ ಬಾಗಿಲಲ್ಲಿ ನಿಂತು ಬರಿದಾದ ಮೆಟ್ಟಿಲ ಕಡೆ ಕಿವಿಗೊಟ್ಟಿದ್ದ. ಅವಳು ಅವನನ್ನು ಮಾತಾಡಿಸದೆ ನೂರಾ ಎಂಟೂ ಮೆಟ್ಟಿಲು ಇಳಿದು, ಹೊನ್ನವ್ವನ ಮುಂದೆ ಕೂತು ಮೇಣದ ಕತೆಯನ್ನೂ ಕನಸಿನ ಕತೆಯನ್ನೂ ಹೇಳಿ ಅತ್ತಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಹೊನ್ನವ್ವ ಸೆರಗಿನಿಂದ ಅವಳ ಕಣ್ಣು ಒರೆಸಿ ಬಾಯಿಬಿಟ್ಟಳು.

"ನಾ ಯಾಕ ಸುಮ್ಮನ ಇಳದ ಬಂದೆ ಗೊತ್ತೇನವ್ವಾ? ನಿನ್ನ ಕೊಳ್ಳಾಗಿನ ತಾಳಿ ನೋಡಿ ದಿನಾ ನನ್ನ ಹೊಟ್ಟಿ ಉರೀತಿತ್ತು. ಧಾರಿ ನಿಂತಾಗ, ಶಿವಗ ಗೊತ್ತಾತು ಅಂದುಕೊಂಡೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಬೋರಲು ಬಿದ್ದ ಕೊಡವನ್ನು ತುಂಬಿ, ಆಚೆ ಈಚೆ ಹಿಡಿದು, ಜೊತೆಯಾಗಿ ಹತ್ತಿದರು. ಗುರವ್ವ ಊರವರ ಮುಂದೆಯೇ ತನ್ನ ತಪ್ಪನ್ನು ಒಪ್ಪಿಕೊಂಡಳು. ಚೆನ್ನವೀರಯ್ಯ ನಾಚಿ, ಮೇಣ ಕೀಳಲು ಕೈ ಎತ್ತಿದ. ಹೊನ್ನವ್ವ ತಡೆದಳು. ಇಷ್ಟು ಕಾಲ ಶಿವನ ತಲೆಗೆ ಹೊಯ್ದದ್ದಾಯಿತು, ಇಂದಿನಿಂದ ಈ ನೀರು ಅಮ್ಮನ ಪಾದಕ್ಕೆ ಎಂದಳು. ಶಿವನನ್ನು ಯಾರೂ ಕೇಳಲಿಲ್ಲ ಎನ್ನುತ್ತಾರೆ.

ಇಂದಿಗೂ ಮೇಣ ಆ ತೂತಿನಲ್ಲೇ ಕಪ್ಪಾಗಿ ಕೂತಿದೆ. ದೀಪ ಎತ್ತಿ ಹಿಡಿದರೆ ಕಾಣುತ್ತದೆ. ಇಲ್ಲಿ ಒಂಟಿ ಹೆಂಗಸು ನೀರು ತರುವ ಪದ್ಧತಿಯಿಲ್ಲ. ಒಬ್ಬರ ಮೇಲೊಬ್ಬರು ಹಲ್ಲು ಮಸೆಯುವ ಅತ್ತೆ ಸೊಸೆ, ಓರಗಿತ್ತಿಯರು, ಸವತಿಯರೂ ಒಂದೇ ಕೊಡ ಹಿಡಿದು ಹತ್ತುತ್ತಾರೆ. ಹೆಜ್ಜೆ ಕೂಡದಿದ್ದರೆ ನೀರೆಲ್ಲ ಮೆಟ್ಟಿಲಿಗೆ, ಮತ್ತೆ ಹೊಂಡಕ್ಕೆ ಇಳಿಯಬೇಕು. ಬಯ್ದಾಡಿಕೊಂಡು ಹೊರಟವರು ಅರವತ್ತನೆಯ ಮೆಟ್ಟಿಲ ಹೊತ್ತಿಗೆ ಸುಮ್ಮನಾಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಮೇಲೆ ಅಮ್ಮನ ಮೂರ್ತಿಯನ್ನು ಸರಿಯಾಗಿ ನೋಡಿ: ಮುಖ ಗಂಡನ ಗುಡಿಯ ಕಡೆಗಿಲ್ಲ. ಕತ್ತು ಕೊಂಚ ವಾಲಿಸಿ, ಆಕೆ ಮೆಟ್ಟಿಲ ಕಡೆ ಕಿವಿಗೊಟ್ಟಿದ್ದಾಳೆ.