ಹಣಿಗೆ ಬನದವ್ವ ಕಟ್ಟಿದ ಹಲ್ಲು

ಹದಗೆಟ್ಟು. ಅಲ್ಲ, ಹಾಗಲ್ಲ. ಹದಗುಟ್ಟು? ಅದೂ ಅಲ್ಲ. ಹದ ಅಂತ ಶುರುವಾಗುತ್ತದೆ, ಅಷ್ಟು ಖಾತ್ರಿ. ಮುಂದಿನದು ಹೊಸ್ತಿಲಲ್ಲಿ ನಿಂತ ಬೀಗರ ಹಾಗೆ, ಒಳಗೂ ಬಾರದು, ಹೊರಗೂ ಹೋಗದು. ಕೇಳಿ ತಿಳಿದುಕೊಳ್ಳೋಣವೆಂದರೆ ಈ ಬರೋಡಾದಲ್ಲಿ ಆ ಮಾತು ಬಲ್ಲವರು ಯಾರಿದ್ದಾರೆ? ಇರಲಿ. ಕಥೆ ಮುಂದೆ ನಡೆದರೆ ಮಾತು ತಾನಾಗಿ ಹಿಂದೆ ಬರುತ್ತದೆ. ಇಳಾ, ಇಲ್ಲಿ ಬಾ, ಅಜ್ಜಿಯ ಪಕ್ಕ ಕೂತುಕೋ. ನಾಳೆ ಹಲ್ಲಿಗೆ ತಂತಿ ಹಾಕುತ್ತಾರೆ ಅಂತ ಬೆಳಗಿನಿಂದ ಒಂದು ಕಡೆ ನಿಂತಿಲ್ಲ ನೀನು. ನಿನ್ನನ್ನು ನೋಡಿ ನಿನ್ನಮ್ಮ ನಿಂತಿಲ್ಲ. ಮನೆಯೇ ಬುಗುರಿಯಾಗಿದೆ. ಕೂತುಕೋ, ಹೂಂ ಅನ್ನುತ್ತಿರು.

ಬಹಳ ಹಿಂದೆ, ಹೊಳೆ ದಾಟಲು ಹರಿಗೋಲು ಬಿಟ್ಟರೆ ಬೇರೆ ದಾರಿ ಇಲ್ಲದಾಗ, ಒಂದು ಊರಿತ್ತು. ಆ ಊರಲ್ಲಿ ಕೋಳಿಗಿಂತ ಮೊದಲು ಮಗ್ಗ ಕೂಗುತ್ತಿತ್ತು. ಮನೆಮನೆಯಲ್ಲೂ ಖಟ್ ಖಟ್, ಖಟ್ ಖಟ್. ಆ ಸದ್ದಿನಲ್ಲೇ ಕೂಸುಗಳು ಹುಟ್ಟುತ್ತಿದ್ದವು, ಆ ಸದ್ದಿನಲ್ಲೇ ಮುದುಕರು ಕಣ್ಣು ಮುಚ್ಚುತ್ತಿದ್ದರು. ಅದಕ್ಕೇ ಆ ಊರಿನವರು ಗುಟ್ಟನ್ನೂ ಕೂಗಿ ಹೇಳುತ್ತಾರೆ ಅಂತ ಸುತ್ತಲಿನವರು ನಗುತ್ತಿದ್ದರು. ಅಮಾವಾಸ್ಯೆಗೆ ಮಾತ್ರ ಮಗ್ಗ ನಿಲ್ಲುತ್ತಿತ್ತು. ಅವತ್ತು ಊರಿಗೆ ಊರೇ ಏನೋ ಕಳೆದುಕೊಂಡವರ ಹಾಗೆ ಅತ್ತಿಂದಿತ್ತ ಇತ್ತಿಂದತ್ತ ತಿರುಗುತ್ತಿತ್ತು.

ಆ ಅಮಾವಾಸ್ಯೆಯ ದಿನವೇ ಬರುತ್ತಿದ್ದಳು ಹಣಿಗೆ ಬನದವ್ವ. ಹಣಿಗೆ ಅಂದರೆ ತಲೆ ಬಾಚುವುದಲ್ಲ, ಮಗ್ಗದ ಹಣಿಗೆ. ನೋಡಲು ಬಾಚಣಿಗೆಯ ಹಾಗೇ, ಆದರೆ ಸೀರೆಯಷ್ಟು ಅಗಲ. ಬಿದಿರಿನ ತೆಳು ಸೀಳುಗಳೇ ಅದರ ಹಲ್ಲು. ಹಾಸಿನ, ಅಂದರೆ ಉದ್ದುದ್ದದ ಎಳೆಗಳೆಲ್ಲ ಆ ಹಲ್ಲುಗಳ ಸಂದಿಯಿಂದ ಸಾಲಾಗಿ ಬರಬೇಕು. ಒಂದು ಹಲ್ಲು ಓರೆಯಾದರೂ ಸೀರೆಯ ಮೈ ತುಂಬಾ ಗೀರು. ಬನದವ್ವ ಓರೆಯಾದ ಹಲ್ಲನ್ನು ಕೀಳುತ್ತಿರಲಿಲ್ಲವಂತೆ. ಜೇನುಮೇಣ ಸವರಿದ ರೇಷ್ಮೆ ಎಳೆಯಿಂದ ಅದನ್ನು ಅಕ್ಕಪಕ್ಕದ ಹಲ್ಲುಗಳಿಗೆ ಕಟ್ಟಿ ಹೋಗುತ್ತಿದ್ದಳಂತೆ. ಮುಂದಿನ ಅಮಾವಾಸ್ಯೆಗೆ ಬಂದು ಗಂಟನ್ನು ತುಸು ಬಿಗಿ ಮಾಡುತ್ತಿದ್ದಳಂತೆ. ಅದರ ಮುಂದಿನದಕ್ಕೆ ಇನ್ನು ತುಸು. ಹೀಗೆ ಮಾಡಿ ಟಗರಿನ ಕೋಡು ನೆಟ್ಟಗೆ ಮಾಡಿದಳು ಅಂತಾರೆ. ಗುಡಿಯ ಮೇಲೆ ವಾಲಿದ ಬೇವಿನ ಮರ ನೆಟ್ಟಗೆ ಮಾಡಿದಳು ಅಂತಾರೆ. ಹೊಳೆಯನ್ನೇ ನೆಟ್ಟಗೆ ಮಾಡಿದಳು ಅನ್ನುವವರೂ ಇದ್ದಾರೆ, ಆದರೆ ಆ ಹೊಳೆ ಇವತ್ತಿಗೂ ಸೊಟ್ಟಗೇ ಹರಿಯುತ್ತಿದೆ.

ಬನದವ್ವನ ಕಾಲಲ್ಲಿ ಚಕ್ರವಿತ್ತು. ಈ ಮನೆಯಲ್ಲಿ ನೀರು ಕುಡಿದರೆ ಆ ಮನೆಯಲ್ಲಿ ಲೋಟ ಇಡುವಳು. ನಿಂತೇ ಉಣ್ಣುವಳು, ನಡೆಯುತ್ತಲೇ ಎಲೆ ಅಡಿಕೆ ಹಾಕುವಳು. ಅವಳು ಹೆಗಲಿನ ಗಂಟು ಇಳಿಸಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಕೂಡಬೇ ಅಂದರೆ, ಕೂತರೆ ನಾನೇ ಸೊಟ್ಟ ಆಗ್ತೀನಿ ಅನ್ನುವಳಂತೆ. ಹೊತ್ತು ಇಳಿಯುವ ಮೊದಲೇ ಹರಿಗೋಲು ಹತ್ತಿಬಿಡುವಳು.

ಆ ಊರಲ್ಲಿ ನೇಕಾರರ ಈರಪ್ಪ, ಕಲ್ಲವ್ವ ಅಂತ ಗಂಡ ಹೆಂಡಿರಿದ್ದರು. ಅವರಿಗೊಬ್ಬಳು ಮಗಳು, ಮುತ್ತವ್ವ. ಹಾಲುಹಲ್ಲು ಇರುವಾಗ ಹೆಸರಿಗೆ ತಕ್ಕ ಬಾಯಿ. ಹೊಸ ಹಲ್ಲು ಬಂದವು ನೋಡು, ಬಾಗಿಲು ತೆಗೆದೊಡನೆ ನುಗ್ಗಿದ ಕುರಿಗಳ ಹಾಗೆ ಒಂದರ ಮೇಲೊಂದು ಹತ್ತಿ ಬಂದವು. ಅದರಲ್ಲೂ ಒಂದು ಕೋರೆಹಲ್ಲು ಹೊರಗೆ ಇಣುಕಿ ತುಟಿಗೆ ಚುಚ್ಚುತ್ತಿತ್ತು. ರೊಟ್ಟಿ ಕಚ್ಚಿದರೆ ರಕ್ತ, ಹಾಡಿದರೆ ರಕ್ತ. ಓಣಿಯ ಹುಡುಗರು ಸುಮ್ಮನಿರುತ್ತಾರೆಯೇ?

“ಹೆಸರಿಗೆ ಮುತ್ತವ್ವ, ಬಾಯೆಲ್ಲ ಜಾಲಿಮುಳ್ಳವ್ವ!”

ಮುತ್ತವ್ವ ನಗು ಬಂದರೆ ಗೋಡೆ ಕಡೆ ತಿರುಗುವುದನ್ನು ಕಲಿತಳು. ಆಮೇಲೆ ಗೋಡೆ ಕಡೆಯೂ ನಗುವುದನ್ನು ಬಿಟ್ಟಳು. ಅದನ್ನು ನೋಡಲಾರದೆ ಕಲ್ಲವ್ವ ಒಂದು ಅಮಾವಾಸ್ಯೆ ಬನದವ್ವನನ್ನು ಹರಿಗೋಲಿನವರೆಗೂ ಹಿಂಬಾಲಿಸಿ ಹೋಗಿ ಕೇಳಿದಳಂತೆ: ಹಣಿಗೆಯ ಹಲ್ಲು ಕೂಡಿಸುತ್ತೀಯಲ್ಲ, ನನ್ನ ಮಗಳದು ಕೂಡಿಸಲಾರೆಯಾ? ಬನದವ್ವ ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹೇಳಿ ಕಳಿಸ್ತೀನಿ ಅಂದು ಹೊರಟೇ ಹೋದಳು.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಹೇಳಿ ಕಳಿಸಿದಳು. ಕಳಿಸಿದ್ದು ಯಾರ ಕೈಲಿ? ಬೋಡುಬಾಯಿ ಪಾರವ್ವನ ಕೈಲಿ. ನೆರೆಯೂರ ಸಂತೆಯಿಂದ ಬರುತ್ತಾ ಪಾರವ್ವ ಬಾಗಿಲಲ್ಲೇ ನಿಂತು ಕೂಗಿದಳು. ಒಳಗೆ ಈರಪ್ಪನ ಮಗ್ಗ ಖಟ್ ಖಟ್ ಅನ್ನುತ್ತಿತ್ತು. “ನಾಳೆ ಬನದವ್ವ ಬರ್ತಾಳಂತ! ನಿನ್ನ ಮಗಳ ಹಲ್ಲು...” ಆಮೇಲೆ ಆ ಮಾತು. ತಾಯಿಗೆ ಸರಿಯಾಗಿಯೇ ಕೇಳಿಸಿತು. ಅದೇ ಈಗ ನಾಲಿಗೆಗೆ ಬಾರದ ಮಾತು. ಹಿತ್ತಲಲ್ಲಿದ್ದ ಮುತ್ತವ್ವನಿಗೆ ಕೇಳಿಸಿದ್ದು, ಹದಗೆಟ್ಟು.

ಹದಗೆಟ್ಟಿದ್ದನ್ನು ಆ ಮನೆಯಲ್ಲಿ ಏನು ಮಾಡುತ್ತಾರೆ ಅಂತ ಮುತ್ತವ್ವ ಕಣ್ಣಾರೆ ಕಂಡಿದ್ದಳು. ಹಿಂದೆ ಒಂದು ಹಣಿಗೆಗೆ ಹುಳು ಹಿಡಿದಾಗ, ಹದಗೆಟ್ಟಿತು ಅಂದು ಅಪ್ಪ ಅದರ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ನೀರೊಲೆಗೆ ಹಾಕಿದ್ದ. ಚಟ್ ಚಟ್ ಅಂತ ಉರಿದಿದ್ದವು.

ಹುಡುಗಿ ಹೋಗಿ ತಾಯಿಯ ಸೆರಗು ಹಿಡಿದಳು. ನಾಳೆ ಏನು ಮಾಡ್ತಾಳಬೇ ಅಂದಳು. ಕಲ್ಲವ್ವ ರಾಟೆಯಿಂದ ತಲೆ ಎತ್ತಲಿಲ್ಲ.

“ಏನಿಲ್ಲ, ಏನಿಲ್ಲ. ಸುಮ್ನ ಬಾಯಿ ತೆರದು ಕೂಡು. ನಿನಗ ಗೊತ್ತೂ ಆಗಂಗಿಲ್ಲ.”

ನಿಜಕ್ಕೂ ಏನಿಲ್ಲದಿದ್ದರೆ ಅವ್ವ ಒಂದೇ ಸಲ ಏನಿಲ್ಲ ಅನ್ನುತ್ತಿದ್ದಳು. ಮುತ್ತವ್ವ ನಾಲಿಗೆಯಿಂದ ಒಂದೊಂದೇ ಹಲ್ಲು ಮುಟ್ಟಿ ನೋಡಿಕೊಂಡಳು. ಸೊಟ್ಟವಾದರೂ ತನ್ನವು. ಬೆಳಗಾದಾಗ ಮಗ್ಗ ಸುಮ್ಮನಿತ್ತು, ಹಾಸಿಗೆಯಲ್ಲಿ ಹುಡುಗಿ ಇರಲಿಲ್ಲ.

ಹುಡುಕದ ಜಾಗವಿಲ್ಲ. ಬಾವಿಗೆ ಇಣುಕಿದರು. ಬಣ್ಣದ ಹಂಡೆಗಳಲ್ಲಿ ಕೋಲು ಆಡಿಸಿದರು. ಅಮಾವಾಸ್ಯೆಗೆ ಕೆಲಸವಿಲ್ಲದ ಊರು, ಎಲ್ಲರೂ ಹೊಳೆಯ ಕಡೆ ಓಡಿದರು, ಎಲ್ಲರೂ ಓಡಿ ಬಂದರು. ಕಲ್ಲವ್ವ ಎದೆ ಬಡಿದುಕೊಂಡಳು. ಈ ಗದ್ದಲದಲ್ಲಿ ಬನದವ್ವ ಬಂದಳು, ಗಂಟು ಹೆಗಲ ಮೇಲೆ. ಓಣಿಯ ತುದಿಗೆ ಹರಿಗೋಲಿನವನ ಕೂಗು ಕೇಳುತ್ತಿತ್ತು, ಹೊಳೆ ಏರುತ್ತಿದೆ, ಇವತ್ತು ಬೇಗ ಬಿಡುತ್ತೇನೆ ಅಂತ. ಮತ್ತೆ ಯಾವ ಅಮಾವಾಸ್ಯೆಗೆ ಹೊಳೆ ದಾಟಗೊಡುತ್ತದೋ ಯಾರು ಬಲ್ಲರು? ಬನದವ್ವ ಹೊರಡಲು ತಿರುಗಿದಳು. ಬಂದದ್ದಕ್ಕೆ ಈರಪ್ಪನ ಹಣಿಗೆಯನ್ನಾದರೂ ಒಮ್ಮೆ ನೋಡಿ ಹೋಗೋಣವೆಂದು ಒಳಗೆ ಇಣುಕಿದಳು.

ಮಗ್ಗ ನಿಂತಿತ್ತು, ಆದರೆ ಹಾಸಿನ ಎಳೆಗಳು ಸಣ್ಣಗೆ ನಡುಗುತ್ತಿದ್ದವಂತೆ. ಗಾಳಿ ಇಲ್ಲ, ಬೆಕ್ಕಿಲ್ಲ. ನೇಯುವವರು ಕಾಲಿಳಿಬಿಡುವ ಕುಣಿಯಿರುತ್ತದಲ್ಲ, ಮಗ್ಗದ ಕೆಳಗೆ, ಅಲ್ಲಿ ಯಾರೋ ನಡುಗಿದರೆ ಎಳೆ ಹೀಗೆ ನಡುಗುತ್ತದೆ ಅಂತ ಬನದವ್ವನಿಗೆ ತಿಳಿಯಿತು. ಅವಳು ಕೂಗಲಿಲ್ಲ, ಎಳೆಯಲಿಲ್ಲ. ಕುಣಿಯ ಅಂಚಿಗೆ ಹೋಗಿ ಮೆಲ್ಲಗೆ ಕೇಳಿದಳು.

“ಯಾರಬೇ ಅದು, ಅಮಾಸಿ ದಿನ ನೇಯಾಕಿ?”

“ಕೀಳಬ್ಯಾಡ.”

“ಏನನ್ನ?”

“ನನ್ನ ಹಲ್ಲು. ಹದಗೆಟ್ಟಾವಂತ. ಒಲಿಗೆ ಹಾಕ್ತೀರಿ ನೀವು.”

ಬನದವ್ವನಿಗೆ ನಗು ಬಂತು. ಎಳೆಗಳು ಇನ್ನೂ ನಡುಗುತ್ತಿರುವುದನ್ನು ನೋಡಿ ನಗು ನುಂಗಿದಳು. ಆಮೇಲೆ ಊರು ಹಿಂದೆ ಕಾಣದ, ಮುಂದೆಯೂ ಕಾಣದ ಕೆಲಸ ಮಾಡಿದಳು. ಹೆಗಲಿನ ಗಂಟು ಇಳಿಸಿದಳು. ಕೂತಳು. ಕುಣಿಯೊಳಗೆ ತಾನೂ ಕಾಲು ಬಿಟ್ಟು ಹುಡುಗಿಯ ಪಕ್ಕಕ್ಕೆ ಇಳಿದಳು. ಹೊರಗೆ ಹರಿಗೋಲಿನವನು ಕೂಗಿದ. ಕೂಗಲಿ ಬಿಡು ಅಂದಳು.

ಕೆಟ್ಟದ್ದು ಅಂತ ಯಾರು ಅಂದರು, ನಾನು ಕಟ್ಟುವುದು ಅಂತ ಹೇಳಿ ಕಳಿಸಿದ್ದು ಅಂದಳು ಬನದವ್ವ. ಹದಕ್ಕೆ ತರುವ ಕಟ್ಟು. ಹದ-ಗಟ್ಟು.

ಬಂತು! ಬಂತು ನೋಡು ಮಾತು! ಹದಗಟ್ಟು, ಹದಗಟ್ಟು. ಇಷ್ಟು ಹೊತ್ತು ಬಾಯಿಗೆ ಬರುತ್ತಿದ್ದದ್ದು ಮುತ್ತವ್ವ ಕೇಳಿಸಿಕೊಂಡ ಮಾತು, ಬನದವ್ವ ಹೇಳಿದ್ದಲ್ಲ. ಹೂಂ ಅನ್ನು, ಮರೆತು ಹೋದೀತು.

ನೋವಾಗ್ತದೇನು ಅಂತ ಮುತ್ತವ್ವ ಕೇಳಿದಳಂತೆ. ಬೇರೆ ಯಾರಾದರೂ ಇಲ್ಲ ಅನ್ನುತ್ತಿದ್ದರು. ಬನದವ್ವ ಆಗ್ತದ ಅಂದಳು. ಹೊಸ ಚಪ್ಪಲಿ ಕಚ್ಚಿದ ಹಾಗೆ ಆಗ್ತದ. ಸ್ವಲ್ಪ ದಿನಕ್ಕೆ ಚಪ್ಪಲಿ ಕಾಲಲ್ಲಿ ಇರುವುದೇ ಮರೀತದ. ಮತ್ತೆ ನಾನು ಬಂದು ಬಿಗಿ ಮಾಡ್ತೀನಿ, ಮತ್ತೆ ಕಚ್ತದ. ಸುಳ್ಳು ಹೇಳಿದರೆ ನಾಳೆ ನೀನು ನಾನು ಹಾಕಿದ ಗಂಟನ್ನೇ ನಂಬುವುದಿಲ್ಲ.

ಹಾಗೆಂದು ಗಂಟಿನಿಂದ ಒಂದು ತುಂಡು ಹಣಿಗೆ ತೆಗೆದು ಹುಡುಗಿಯ ಕೈಗಿಟ್ಟಳು. ಮೇಣದ ಎಳೆಯನ್ನೂ ಕೊಟ್ಟಳು. ಓರೆಯಾದ ಹಲ್ಲೊಂದನ್ನು ತೋರಿಸಿ, ಕಟ್ಟು ನೋಡೋಣ ಅಂದಳು. ಮುತ್ತವ್ವ ಬೇಗ ಮುಗಿಯಲಿ ಅಂತ ಜಗ್ಗಿ ಕಟ್ಟಿದಳು. ಸೀಳು ಪಟ್ಟನೆ ಮುರಿಯಿತು. ಹುಡುಗಿಯ ಮುಖ ಬಿಳಿಚಿತು. ಬನದವ್ವ ಇನ್ನೊಂದು ಹಲ್ಲು ತೋರಿಸಿದಳು. ಈ ಸಲ ಮುತ್ತವ್ವ ಉಸಿರು ಹಿಡಿದು, ಹಲ್ಲು ಅಲುಗಿತೋ ಇಲ್ಲವೋ ಅನ್ನುವಷ್ಟು ಮಾತ್ರ ಬಿಗಿದಳು. ಅಷ್ಟೇ, ಅಂದಳು ಬನದವ್ವ. ನಾಳೆಗೂ ಬಿಗಿ ಉಳಿಸಬೇಕು. ಎಲ್ಲ ಇವತ್ತೇ ಅಂದರೆ ಮುರೀತದ.

“ಮೊದ್ಲ ನಿನಗ ಕಟ್ತೀನಿ,” ಅಂದಳು ಮುತ್ತವ್ವ.

ಬನದವ್ವನ ಬಾಯಲ್ಲಿ ಹಲ್ಲೆಷ್ಟು ಉಳಿದಿದ್ದವೋ! ಮುಂದಿನದೊಂದು ಗಟ್ಟಿಯಾಗಿತ್ತಂತೆ. ಅವಳು ಬಾಯಿ ತೆರೆದಳು. ಹುಡುಗಿ ಅದಕ್ಕೆ ಎಳೆ ಸುತ್ತಿ ಗಂಟು ಹಾಕಿದಳು. ಬಿಗಿ ಆಯ್ತೇನು ಅಂತ ಕೇಳಿದಳು. ಬಾಯಲ್ಲಿ ಬೆರಳಿರುವಾಗ ಮುದುಕಿ ಏನೋ ಅಂದಳು, ಅದು ಹೌದೋ ಅಲ್ಲವೋ ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ನಕ್ಕರು. ಹೊಳೆಯಿಂದ ಓಡಿ ಬಂದ ಕಲ್ಲವ್ವ ತನ್ನ ಮಗಳು ನಗುವ ಸದ್ದನ್ನು ಮಗ್ಗದ ಕೆಳಗಿಂದ ಕೇಳಿ ಹೊಸ್ತಿಲಲ್ಲೇ ಕುಸಿದು ಕೂತಳಂತೆ.

ಆಮೇಲೆ ಬನದವ್ವ ಮುತ್ತವ್ವನ ಹಲ್ಲು ಕಟ್ಟಿದಳು. ಹರಿಗೋಲು ಹೋಗಿಯಾಗಿತ್ತು. ಆ ಮಧ್ಯಾಹ್ನ ಕಲ್ಲವ್ವ ಖಡಕ್ ರೊಟ್ಟಿ ಬಡಿಸಿದಳು. ಮುತ್ತವ್ವ ಕಚ್ಚಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಳು. ಬನದವ್ವ ತನ್ನ ರೊಟ್ಟಿಯನ್ನೂ ಸರಿಸಿ, ಎಲ್ಲರಿಗೂ ನುಚ್ಚು ಮಾಡು ಅಂದಳು. ನನಗೂ ಹದಗಟ್ಟು ಆಗೇದಲ್ಲ. ಈರಪ್ಪ ಗೊಣಗುತ್ತಲೇ ನುಚ್ಚು ಮಜ್ಜಿಗೆ ಉಂಡ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹಲ್ಲುಗಳು ಸಾಲಿಗೆ ಬಂದವು. ಬರಿಗಾಲಲ್ಲಿ ನಡೆದು ಬಂದ ಹಾಗೆ ನಿಧಾನ. ಪೂರಾ ನೆಟ್ಟಗಾದವು ಅಂತಾರೆ ಕೆಲವರು. ಕೋರೆಹಲ್ಲು ಚೂರು ಓರೆ ಉಳಿಯಿತು, ಆದರೆ ತುಟಿಗೆ ಚುಚ್ಚಲಿಲ್ಲ ಅಂತಾರೆ ಇನ್ನು ಕೆಲವರು. ಮುತ್ತವ್ವ ನಕ್ಕರೆ ನಾಲ್ಕು ಮಗ್ಗ ಆಚೆಗೆ ಕೇಳುತ್ತಿತ್ತು ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಒಂದು ಅಮಾವಾಸ್ಯೆ ಬನದವ್ವ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಎಲ್ಲಿ ಹೋದಳೋ, ಯಾವ ಹೊಳೆ ದಾಟಿದಳೋ. ಕೊನೆಯವರೆಗೂ ಅವಳ ಮುಂದಿನ ಹಲ್ಲಿನಲ್ಲಿ ಆ ಎಳೆ ಇತ್ತಂತೆ. ಕಟ್ಟಿದವಳೇ ಬಿಚ್ಚಬೇಕು ಅನ್ನುತ್ತಿದ್ದಳಂತೆ, ಮುತ್ತವ್ವನಿಗೆ ಅದನ್ನು ಬಿಚ್ಚುವ ಮನಸ್ಸೇ ಬರಲಿಲ್ಲವಂತೆ.

ಇವತ್ತಿಗೂ ಆ ಊರಲ್ಲಿ ಮಗುವಿಗೆ ಕಿವಿ ಚುಚ್ಚಿಸಲಿ, ಸೂಜಿ ಹಾಕಿಸಲಿ, ಮೊದಲು ಮಗ್ಗ ನಿಲ್ಲಿಸುತ್ತಾರೆ. ಸದ್ದಿಲ್ಲದ ಮನೆಯಲ್ಲಿ ಕೂತು, ಏನಾಗುತ್ತದೆ, ಎಷ್ಟು ನೋಯುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ದೊಡ್ಡವರು ಮಾತು ತೇಲಿಸಿದರೆ, ಮಗ್ಗ ನಿಲ್ಲಿಸಿ ಹೇಳು ಅಂತ ಮಕ್ಕಳೇ ಅನ್ನುತ್ತವೆ. ಕರೆದುಕೊಂಡು ಹೋಗುವವರ ಬೆರಳಿಗೆ ಮಗು ಒಂದು ಎಳೆ ಕಟ್ಟುತ್ತದೆ. ಮಗುವಿನ ನೋವು ಇಳಿಯುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ಆ ದಿನ ಮನೆಮಂದಿಗೆಲ್ಲ ನುಚ್ಚು.

ಮಗ್ಗ ನಿಲ್ಲಿಸಿ ಹೇಳುತ್ತೇನೆ, ಕೇಳು. ಡಾಕ್ಟರಮ್ಮನನ್ನು ಕೇಳಿದ್ದಾಯಿತು. ನಾಳೆ ನಿನ್ನ ಹಲ್ಲು ಕೀಳುವುದಿಲ್ಲ. ಒಂದೊಂದಕ್ಕೂ ಸಣ್ಣ ಗುಂಡಿ ಅಂಟಿಸಿ ತಂತಿ ಪೋಣಿಸುತ್ತಾರೆ. ಅಂಟಿಸುವಾಗ ನೋಯುವುದಿಲ್ಲ, ಬಾಯಿ ತೆರೆದು ತೆರೆದು ದವಡೆ ಸೋಲುತ್ತದೆ. ಸಂಜೆಗೆ ಹಲ್ಲು ಮಿಡಿಯುತ್ತದೆ, ಕೆಲವು ದಿನ ಮಿಡಿಯುತ್ತದೆ, ಆಮೇಲೆ ಮರೆಯುತ್ತೀ. ಬಿಗಿ ಮಾಡಿದಾಗ ಮತ್ತೆ ಮಿಡಿಯುತ್ತದೆ. ನೀನಾಗಿ ಹಲ್ಲಿಗೆ ದಾರ ಕಟ್ಟಿಕೊಳ್ಳಲು ಹೋಗಬೇಡ, ಅದು ಕಥೆಯ ದಾರ. ಇಗೋ ಈ ಎಳೆ, ನನ್ನ ಬೆರಳಿಗೆ ಕಟ್ಟು. ಇನ್ನು ತುಸು. ಅಷ್ಟೇ, ನಾಳೆಗೂ ಉಳಿಸು. ಅಡುಗೆಮನೆಯಲ್ಲಿ ನುಚ್ಚು ನೆನೆಹಾಕಿದೆ, ನಿನ್ನಪ್ಪನೂ ಅದನ್ನೇ ಉಣ್ಣಲಿ.

ಈಗ ಎದ್ದು ಆ ಪೆನ್ಸಿಲ್ ತಾ. ಮಾತು ಮತ್ತೆ ಜಾರುವ ಮೊದಲು ಬರೆದುಕೋ, ಕನ್ನಡದಲ್ಲೇ ಬರಿ, ಕನ್ನಡಿಯ ಪಕ್ಕಕ್ಕೆ ಅಂಟಿಸೋಣ. ಹ. ದ. ಆಮೇಲೆ ಗ, ಬರೀ ತಲೆಕಟ್ಟಿನ ಗ. ಎತ್ವ ಕೊಡಬೇಡ ಮಗಳೇ, ಎತ್ವ ಕೊಟ್ಟರೆ ಆ ಹುಡುಗಿ ಮತ್ತೆ ಕುಣಿಗಿಳಿಯುತ್ತಾಳೆ. ಬರಿ.