ಬಾವುಟದ ದಿನದ ಅಡುಗೆ

“ಗುರುಗಳೇ, ಪ್ರತಿ ವರ್ಷವೂ ಬಾವುಟ ಹಾರಿಸುತ್ತೇವೆ, ಭಾಷಣ ಮಾಡುತ್ತೇವೆ, ಸಿಹಿ ಹಂಚುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮರೆತುಹೋಗಿರುತ್ತದೆ. ಈ ಸಲದ ಸ್ವಾತಂತ್ರ್ಯದ ದಿನವನ್ನು ಮನಸ್ಸಿನಲ್ಲಿ ಉಳಿಯುವಂತೆ ಆಚರಿಸುವುದು ಹೇಗೆ?”

ಆಶ್ರಮದ ಹಬ್ಬಗಳ ಏರ್ಪಾಡು ನೋಡಿಕೊಳ್ಳುವ ಶಿಷ್ಯ ಹೀಗೆ ಕೇಳಿದ. ಗುರು ಅವನನ್ನು ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಶಾಲೆಯ ಮೈದಾನಕ್ಕೆ ಅಂಟಿಕೊಂಡೇ ಅವನ ಮನೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿದಾಗ ಊರಿನವರು ಅವನನ್ನೇ ಉತ್ಸವ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದರು. ಅವನು ಸಂತೋಷದಿಂದ ಒಪ್ಪಿಕೊಂಡ. ಅದಕ್ಕೆ ಕಾರಣ ಅವನ ತಾಯಿ. ಆಕೆ ಹುಡುಗಿಯಾಗಿದ್ದಾಗ, ಸರ್ಕಾರ ನಿಷೇಧಿಸಿದ್ದ ಮೆರವಣಿಗೆಯಲ್ಲಿ ಬಾವುಟ ಹಿಡಿದು ನಡೆದವಳು, ಲಾಠಿಯ ಏಟು ತಿಂದವಳು. ಊರು ಅದನ್ನು ಮರೆತಿತ್ತು. ಈ ಸಲ ತಾಯಿಯನ್ನು ವೇದಿಕೆಯ ಮೇಲೆ ಕೂರಿಸಿ, ಎಲ್ಲರ ಎದುರು ಸನ್ಮಾನ ಮಾಡಿಸಬೇಕೆಂದು ಮಗ ಆಸೆಪಟ್ಟ. ಬಾವುಟ ಹಾರಿಸಲು ಜಿಲ್ಲೆಯ ದೊಡ್ಡ ಅಧಿಕಾರಿಯನ್ನು ಕರೆಸಿದ. ಅತಿಥಿಗಳಿಗೂ ಸಮಿತಿಯವರಿಗೂ ತನ್ನ ಮನೆಯಲ್ಲೇ ಊಟವೆಂದು ಹೇಳಿದ.

ಆ ದಿನ ಬೆಳಗಾಯಿತು. ಮೈದಾನ ಜನರಿಂದ ತುಂಬಿತು. ಅಧಿಕಾರಿ ಬಂದು ಕುಳಿತರು. ತಾಯಿ ಮಾತ್ರ ಬರಲಿಲ್ಲ.

ವರ್ತಕ ಮನೆಗೆ ಓಡಿಬಂದ. ತಾಯಿ ಹೊಸ ಸೀರೆ ಉಟ್ಟು, ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲಿ ಕುಳಿತಿದ್ದಳು. ಒಳಗೆ ಅವನ ಹೆಂಡತಿ ನೆರೆಮನೆಯ ನಾಲ್ಕೈದು ಹೆಂಗಸರೊಡನೆ ಅಡುಗೆಯಲ್ಲಿ ಮುಳುಗಿದ್ದಳು. ಎಲ್ಲರೂ ಕಾಯುತ್ತಿದ್ದಾರೆ, ಏಳಬೇಕು ಎಂದು ಮಗ ತಾಯಿಯನ್ನು ಬೇಡಿಕೊಂಡ. ತಾಯಿ ಏಳಲಿಲ್ಲ.

“ಸನ್ಮಾನ ನೋಡಲು ನೀನೂ ಬಾ ಎಂದು ಈಗ ತಾನೇ ನಿನ್ನ ಹೆಂಡತಿಯನ್ನು ಕರೆದೆ” ಎಂದಳು ತಾಯಿ. “ಏನೆಂದಳು ಗೊತ್ತೇ? ‘ನೀವು ಹೋಗಿ ಅತ್ತೆ, ನನಗೆ ಇಲ್ಲಿಂದಲೇ ಎಲ್ಲಾ ಕೇಳಿಸುತ್ತದೆ. ಹಾಡು ಮುಗಿದು ಚಪ್ಪಾಳೆ ಬಿದ್ದರೆ ಎಣ್ಣೆ ಕಾಯಲು ಇಡುವ ಹೊತ್ತಾಯಿತೆಂದು ಅರ್ಥ’ ಎಂದಳು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಯಿತು. ಗೋಡೆಯಾಚೆ ಹಾರುವ ಬಾವುಟವನ್ನು ಅವಳು ಒಂದು ಸಲವೂ ನೋಡಿಲ್ಲ.”

ವರ್ತಕ ಒಳಗೆ ನೋಡಿದ. ಹೆಂಡತಿ ತಲೆ ಎತ್ತದೆ ಹೂರಣ ಅರೆಯುತ್ತಿದ್ದಳು. ಇದನ್ನು ನಾಳೆ ಮಾತಾಡೋಣ, ಇವತ್ತು ಮರ್ಯಾದೆ ಉಳಿಸು ಎಂದು ಅವನು ತಾಯಿಗೆ ಕೈಮುಗಿದ. ಅಷ್ಟರಲ್ಲಿ ಸಮಿತಿಯವರೂ ಬಾಗಿಲಿಗೆ ಬಂದು ನಿಂತಿದ್ದರು.

ತಾಯಿ ಅವರೆಲ್ಲರಿಗೂ ಕೇಳುವಂತೆ ಹೇಳಿದಳು: “ಆ ಮೆರವಣಿಗೆಯ ದಿನ ನನ್ನ ಮಣಿಕಟ್ಟು ಊದಿತ್ತು. ಮನೆಗೆ ಬಂದು ಅದೇ ಕೈಯಲ್ಲಿ ರೊಟ್ಟಿ ಬಡಿದೆ. ನನ್ನ ಜೊತೆ ಜೈಕಾರ ಹಾಕಿದವರೇ ಸಾಲಾಗಿ ಕೂತು ಉಂಡರು. ಇನ್ನೊಂದು ರೊಟ್ಟಿ ಬೇಕೆಂದು ಕೇಳಿದರೇ ಹೊರತು ಕೈ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಶಾಲು ನನಗೆ ಬೇಡ. ಇವಳು ಬಂದರೆ ನಾನೂ ಬರುತ್ತೇನೆ.”

ಮೈದಾನದಲ್ಲಿ ಅಧಿಕಾರಿ ಕಾಯುತ್ತಿದ್ದರು. ಹೆಂಡತಿಯನ್ನು ಕರೆದೊಯ್ದರೆ ಅತಿಥಿಗಳು ಹಸಿದು ಹೋಗಬೇಕಾಗುತ್ತದೆ, ಊರಿಗೇ ಕೆಟ್ಟ ಹೆಸರು. ಕರೆದೊಯ್ಯದಿದ್ದರೆ ತಾಯಿಯ ಕುರ್ಚಿ ಬರಿದಾಗಿಯೇ ಉಳಿಯುತ್ತದೆ. ತಾಯಿಯ ಆ ಕೈಯನ್ನು ವರ್ತಕ ಹುಟ್ಟಿದಾಗಿನಿಂದ ನೋಡಿದ್ದ. ಅದು ಯಾಕೆ ಪೂರ್ತಿ ಮಡಚುವುದಿಲ್ಲ ಎಂದು ಇಂದು ತಿಳಿಯಿತು. ಅವನು ಅಡುಗೆಮನೆಯೊಳಗೆ ಹೋಗಿ ಒಲೆಯಿಂದ ಸೌದೆ ಹಿಂದಕ್ಕೆಳೆದು, ಬಿಂದಿಗೆಯ ನೀರು ಸುರಿದ. ಹೊಗೆ ಎದ್ದಿತು. ಹೆಂಡತಿ ಗಾಬರಿಯಿಂದ ಎದ್ದು ನಿಂತಳು.

“ನಡೆ” ಎಂದ ಅವನು. “ಊಟದ ಚಿಂತೆ ನನಗಿರಲಿ.”

ಸೀರೆಯೆಲ್ಲ ಅರಿಶಿನವಾಗಿದೆ ಎಂದು ಅವಳು ಹಿಂಜರಿದಳು. ಬದಲಿಸಿಕೊಂಡು ಬಾ, ಕಾಯುತ್ತೇವೆ ಎಂದ. ಇಡೀ ಸಮಿತಿ ಅಂಗಳದಲ್ಲಿ ನಿಂತು ಕಾಯಿತು. ಅವಳು ಹೊರಗೆ ಬಂದಳು. ಅವಳ ಹಿಂದೆ ನೆರೆಮನೆಯ ಹೆಂಗಸರೂ ಬಂದರು. ಬೀದಿಯಲ್ಲಿ ನಡೆಯುವಾಗ, ಬಾಗಿಲ ಸಂದಿಯಿಂದ ನೋಡುತ್ತಿದ್ದವರು ಒಬ್ಬೊಬ್ಬರಾಗಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ಮೈದಾನದ ಬಾಗಿಲಿಗೆ ಬರುವ ಹೊತ್ತಿಗೆ ಅದೇ ಒಂದು ಮೆರವಣಿಗೆಯಾಗಿತ್ತು. ಮುದುಕಿ ಮುಂದೆ, ಸೊಸೆ ಅವಳ ಪಕ್ಕದಲ್ಲಿ.

ನಡೆದದ್ದನ್ನು ಕೇಳಿದ ಅಧಿಕಾರಿ ಧ್ವಜದ ಹಗ್ಗವನ್ನು ಮುದುಕಿಯ ಕೈಗೆ ಕೊಡಲು ಬಂದರು. ನಾನು ಅಂದೇ ಬಾವುಟ ಹಿಡಿದಾಗಿದೆ, ಇವಳು ಹಾರಿಸಲಿ ಎಂದಳು ಆಕೆ. ವರ್ತಕ ಮೈಕಿನ ಮುಂದೆ ಬಂದ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಅವನಿಗಿರಲಿಲ್ಲ. ಇಂದು ಹೆಸರು ಹಿಡಿದೇ ಹೇಳಿದ:

“ಧ್ವಜಾರೋಹಣ ಮಾಡುವವರು ಸಾವಂತ್ರವ್ವ.”

ಸಾವಂತ್ರವ್ವ ಬಾವಿಯ ಹಗ್ಗ ಎಳೆದು ಗೊತ್ತಿದ್ದವಳು. ಆ ಹಗ್ಗವನ್ನೂ ಹಾಗೆಯೇ ಎಳೆದಳು. ಬಾವುಟ ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಒಳಗಿದ್ದ ಹೂವೆಲ್ಲ ಅಧಿಕಾರಿಯ ತಲೆಯ ಮೇಲೆ ಬಿತ್ತು. ಅವರೂ ನಕ್ಕರು, ಊರೂ ನಕ್ಕಿತು. ಹಾಡು ಶುರುವಾದಾಗ ಹೆಂಗಸರೆಲ್ಲ ದನಿಗೂಡಿಸಿದರು. ಗೋಡೆಯಾಚೆಯಿಂದ ಕೇಳಿ ಕೇಳಿ ಅವರಿಗೆ ಒಂದಕ್ಷರವೂ ತಪ್ಪದೆ ಬರುತ್ತಿತ್ತು. ಅಷ್ಟು ದೊಡ್ಡ ದನಿಯಲ್ಲಿ ಆ ಮೈದಾನ ಎಂದೂ ಹಾಡಿರಲಿಲ್ಲ. ಮುದುಕಿ ಶಾಲು ಹೊದಿಸಿಕೊಂಡಳು. ಕಣ್ಣು ಒರೆಸಿಕೊಳ್ಳಲು ಅದೇ ಶಾಲನ್ನು ಬಳಸಿದಳು.

ಊಟದ ಹೊತ್ತಾಯಿತು. ವರ್ತಕ ಅಂಗಿಯ ತೋಳು ಮಡಚಿದ. ಸಮಿತಿಯವರು ಒಲೆ ಹೂಡಿದರು. ಅಧಿಕಾರಿಯೂ ಈರುಳ್ಳಿ ಹೆಚ್ಚಿದರು. ಉಪ್ಪಿಟ್ಟು ತಳ ಹಿಡಿಯಿತು, ಮೇಲೆ ಗಂಟುಗಂಟಾಗಿತ್ತು. ಹೆಂಗಸರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಗಂಡಸರು ಬಡಿಸಿದರು. ಸಾವಂತ್ರವ್ವ ಎರಡನೆಯ ಸಲವೂ ಹಾಕಿಸಿಕೊಂಡಳು. ಬಿಸಿಯಾಗಿರುವಾಗ ಉಂಡು ಬಹಳ ಕಾಲವಾಗಿತ್ತು ಎಂದಳು.

ಅದು ಒಂದು ದಿನದ ಮಾತಾಗಿ ಮುಗಿಯಲಿಲ್ಲ. ವರ್ತಕನ ಮನೆಯಲ್ಲಿ ಅಂದಿನಿಂದ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮರುವರ್ಷ ಊರಿನವರು ಸೇರಿ ಒಂದು ಮಾತು ಮಾಡಿಕೊಂಡರು: ಬಾವುಟ ಏರುವುದನ್ನು ಎಂದೂ ನೋಡದವರು ಮನೆಯಲ್ಲಿ ಯಾರಿದ್ದಾರೆಂದು ಪ್ರತಿ ಮನೆಯವರೂ ಹುಡುಕಬೇಕು, ಅವರನ್ನು ಕರೆತರಬೇಕು. ಒಬ್ಬ ನೇಕಾರ ಹಾಸಿಗೆ ಹಿಡಿದ ತಂದೆಯನ್ನು ಮಂಚದ ಸಮೇತ ಹೊತ್ತು ತಂದ. ಒಬ್ಬ ಹೋಟೆಲಿನವನು ಬಾಗಿಲು ಹಾಕಿ, ತಟ್ಟೆ ತೊಳೆಯುವವರನ್ನು ಕರೆತಂದು ಮುಂದೆ ಕೂರಿಸಿದ. ಬೀದಿ ಗುಡಿಸುವವರಿಗಾಗಿ, ಆ ಬೆಳಗ್ಗೆ ಅವರ ಬೀದಿಗಳನ್ನು ಊರಿನ ಮಾಸ್ತರರೂ ಅಂಗಡಿಯವರೂ ಗುಡಿಸಿದರು. ಆ ವರ್ಷ ಹಗ್ಗ ಎಳೆದವಳು ಆ ಗುಡಿಸುವವರಲ್ಲೊಬ್ಬಳು. ಈಗಲೂ ಆ ಊರಿನಲ್ಲಿ ಆ ದಿನ ಯಾವ ಹೆಂಗಸೂ ಒಲೆಯ ಮುಂದೆ ಇರುವುದಿಲ್ಲ. ಗಂಡಸರ ಉಪ್ಪಿಟ್ಟೂ ಈಗ ಮೊದಲಿಗಿಂತ ಮೇಲಾಗಿದೆಯಂತೆ.

ಕತೆ ಮುಗಿಯಿತು. ಶಿಷ್ಯನ ಮುಖ ಬೆಳಗಿತ್ತು.

“ತಿಳಿಯಿತು ಗುರುಗಳೇ. ನಮ್ಮ ಆಶ್ರಮದಲ್ಲೂ ಹಾಗೆಯೇ ಮಾಡೋಣ. ಅಡುಗೆಮನೆಯ ತಾಯಂದಿರನ್ನೆಲ್ಲ ಬೆಳಗಿನಿಂದಲೇ ಮುಂದಿನ ಸಾಲಿನಲ್ಲಿ ಕೂರಿಸೋಣ. ಅವರಿಂದಲೇ ಬಾವುಟ ಹಾರಿಸೋಣ.”

ಗುರು ಕೇಳಿದರು: “ನಿನಗೆ ಅಡುಗೆ ಬರುತ್ತದೆಯೇ?”

ಶಿಷ್ಯ ಎದ್ದು, ಕಲಿಯಲು ಅಡುಗೆಮನೆಯ ಕಡೆ ನಡೆದ.